ಮರಳಿನ ಕಂದಕದ ಹಾಜರಿ

ಕಜೊ ಫ್ರಿಪ್ ಕರೊಲಿನಾದ ಕಡಲದ್ವೀಪದ ಹತ್ತಿ ತೋಟದಲ್ಲಿ ಬಡಗಿಯಾಗಿದ್ದ ಗುಲಾಮ. ಗುಲಾಮಗಿರಿಯ ವಿಷಯಕ್ಕೆ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಬಂದು ಯಜಮಾನ ಓಡಿಹೋದ ಮೇಲೆ ಅವನೂ ಅವನ ತಮ್ಮ ಸೇಬ್ ಕೂಡ ಉತ್ತರದ ಸೈನ್ಯದ ನೀಲಿ ಕೋಟು ತೊಟ್ಟರು. ದಕ್ಷಿಣದವರ ಕಡಲ ಕೋಟೆಗೆ ಲಗ್ಗೆ ಹಾಕಿದ ಸಂಜೆ ಕಜೊ ತೊಡೆಗೆ ಗುಂಡು ತಿಂದು ಹಿಂದೆ ಬಿದ್ದ. ಮುಂದೆ ಹೋದ ಸೇಬ್ ತಿರುಗಿ ಬರಲಿಲ್ಲ. ಸತ್ತ ಕರಿಯ ಸಿಪಾಯಿಗಳನ್ನೆಲ್ಲ ದಕ್ಷಿಣದವರು ಒಂದೇ ಕಂದಕಕ್ಕೆ ತಳ್ಳಿ ಮರಳು ಎಳೆದರಂತೆ.

ಯುದ್ಧ ಮುಗಿಯಿತು. ಆ ಸತ್ತವರನ್ನು ಅಗೆದು ತೆಗೆದು ಸರ್ಕಾರಿ ಸ್ಮಶಾನಕ್ಕೆ ಸಾಗಿಸುವ ಕೂಲಿಗೆ ಕಜೊ ಕುಂಟುತ್ತಲೇ ಹೊರಟ.

"ತಮ್ಮನ ಮೂಳೆ ಸಿಕ್ರೆ ಗುರ್ತು ಹಿಡೀತೀಯಾ?" ಎಂದಳು ಹೆಂಡತಿ ಬೀನಾ.

"ನಾನು ಹಿಡೀದಿದ್ರೂ ಅವ್ನು ಹಿಡೀತಾನೆ ಬಿಡು."

ಕಂದಕ ತೆರೆದಾಗ ಹೊಳೆದದ್ದು ಕೋಟಿನ ಗುಂಡಿಗಳು ಮಾತ್ರ. ಮೇಲಧಿಕಾರಿ, ಉತ್ತರದ ಬಿಳಿಯ ಯುವಕ, ಗೋರಿಗೆ ನೆಡುವ ಎಲ್ಲ ಹಲಗೆಗಳ ಮೇಲೂ 'ಹೆಸರು ತಿಳಿಯದು' ಎಂದು ಬರೆಯಲು ಹೇಳಿದ.

"ಯಾರಿಗೆ ತಿಳೀದು ಸಾಮಿ? ನಂಗೆ ತಿಳೀತದಲ್ಲ," ಎಂದ ಕಜೊ ಟೋಪಿ ತೆಗೆದು, ಹಿಂದೆ ಸಾರ್ಜೆಂಟ್ ಕರೆಯುತ್ತಿದ್ದ ಹಾಗೆ ತನ್ನ ತುಕಡಿಯ ಹಾಜರಿ ಕೂಗತೊಡಗಿದ.

ನಡುಹಗಲು. ಗಾಳಿ ಸತ್ತಿತ್ತು. "ಜುಲೈ ಮಿಚೆಲ್" ಎಂದಾಗ ಮರಳಿನಡಿಯಿಂದ, ಬಾಯಿ ತುಂಬ ಮಣ್ಣಿದ್ದವನ ದನಿಯಲ್ಲಿ, "ಇದೀನಿ" ಎಂದು ಬಂತು.

ಗುದ್ದಲಿಗಳು ನಿಂತವು. ಅಧಿಕಾರಿಯ ಕೈಯಿಂದ ಪೆನ್ಸಿಲ್ ಜಾರಿತು. ಕಜೊ ನಿಲ್ಲಿಸಲಿಲ್ಲ. ಹೆಸರು ಕರೆಸಿಕೊಂಡವರೆಲ್ಲ ಓಗೊಟ್ಟರು.

"ಸೇಬ್ ಫ್ರಿಪ್."

ಉತ್ತರ ಕಂದಕದಿಂದ ಬರಲಿಲ್ಲ. ಅವನ ಬೆನ್ನ ಹಿಂದೆ, ಜೌಗಿನ ಹುಲ್ಲಿನೊಳಗಿಂದ ಬಂತು: "ಅಣ್ಣಾ, ಇಲ್ಲಿ."

ಅಲ್ಲಿ ಅಗೆದರೆ ಇನ್ನೊಂದು ಕಂದಕ. ಮೇಲುಗಡೆಯೇ ಸೇಬ್, ಹತ್ತಿ ಹಿಂಜುವ ಯಂತ್ರ ಚಿಕ್ಕಂದಿನಲ್ಲೇ ಕಿತ್ತುಕೊಂಡಿದ್ದ ಎರಡು ಬೆರಳು ಆ ಎಡಗೈಯಲ್ಲಿ ಇರಲಿಲ್ಲ. ಅವನ ಕೆಳಗೆ ಬೇರೆ ತುಕಡಿಗಳವರು, ಕಜೊಗೆ ಗೊತ್ತಿಲ್ಲದವರು. ತಮ್ಮನ ಕೈ ಹಿಡಿದುಕೊಂಡೇ ಅವನು ಬಗ್ಗಿದ.

"ನೀವ್ಯಾರಪ್ಪಾ? ಹೆಸ್ರು ಹೇಳಿ, ಕೆತ್ತುತೀನಿ."

ಹೆಸರು ಹಿಡಿದು ಕರೆಯದೆ ಅವರು ಓಗೊಡುವಂತಿರಲಿಲ್ಲ. ಮಾತಿಗೆ ಮೊದಲು ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಮಾತ್ರ ಕೇಳಿಸಿತು.

ತನ್ನವರ ಹಲಗೆಗಳಿಗೆ ಕಜೊ ಹೆಸರು ಕೊರೆದ, ಅಧಿಕಾರಿ ತಡೆಯಲಿಲ್ಲ. ಉಳಿದವು ಬೋಳಾಗಿ ನಿಂತವು. ಸ್ಮಶಾನದ ಕಾವಲಿಗೆ ಅವನೇ ಉಳಿದುಕೊಂಡ. ದಿನಾ ಬೆಳಗ್ಗೆ ಬೋಳು ಹಲಗೆಗಳ ಮುಂದೆ ನಿಂತು ತೋಚಿದ ಹೆಸರುಗಳನ್ನೆಲ್ಲ ಕೂಗುವನು: ಮಂಡೇ, ಕ್ವಾಶ್, ಟೈಟಸ್. ಊರವರು ತಲೆ ಕೆಟ್ಟಿದೆ ಎಂದರು.

ಮಧ್ಯಾಹ್ನ ಬೀನಾ ಅನ್ನ, ಸಿಗಡಿ ಸಾರು ತಂದು ಕೇಳುವಳು, "ಇವತ್ತು ಯಾರಾದ್ರೂ ಓಗೊಟ್ರಾ?"

ಎಷ್ಟೋ ದಿನ ಅವನು ಇಲ್ಲವೆಂದು ತಲೆಯಾಡಿಸಿಬಿಡುತ್ತಿದ್ದ. ಒಂದು ದಿನ, "ಒಬ್ಬ," ಎಂದು ಉಳಿ ಕೈಗೆತ್ತಿಕೊಂಡ.