ಸೂಜಿಯಕ್ಕ ಷಟರ್ ಎಬ್ಬಿಸಿದ್ದು

ಹೊಲಿಗೆ ಯಂತ್ರ ಕೆಟ್ಟು ನಿಂತರೆ ಆ ಊರಿನ ದರ್ಜಿಗಳು ಮೊದಲು ಬೈಯುತ್ತಿದ್ದುದು ಯಂತ್ರವನ್ನು, ಆಮೇಲೆ ಫೋನ್ ಮಾಡುತ್ತಿದ್ದುದು ಸೂಜಿಯಕ್ಕನಿಗೆ. ಐವತ್ತೆಂಟು ವರ್ಷದ ಈ ಹೆಂಗಸಿಗೆ ಹೆತ್ತವರಿಟ್ಟ ಹೆಸರು ಬೇರೆ ಇತ್ತು, ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಮೋಟರ್ ಬೈಕಿನ ಹಿಂದೆ ಹದಿನಾಲ್ಕು ಕಿಲೋ ತೂಗುವ ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು, ಗಾರ್ಮೆಂಟ್ ಕಾರ್ಖಾನೆಯಿಂದ ಹಿಡಿದು ಮೆಟ್ಟಿಲ ಕೆಳಗೆ ಕೂತ ಒಂಟಿ ದರ್ಜಿಯವರೆಗೆ ದಿನಕ್ಕೆ ಆರೇಳು ಕಡೆ ಅವಳ ಸವಾರಿ. ಸದ್ದು ಕೇಳಿಯೇ ಯಂತ್ರದ ಕಾಯಿಲೆ ಹೇಳುವುದರಲ್ಲಿ ಎತ್ತಿದ ಕೈ. "ಇದ್ರ ಹೊಟ್ಟೇಲಿ ದಾರ ಸಿಕ್ಕೊಂಡಿದೆ" ಎಂದರೆ ಮುಗಿಯಿತು, ಬಿಚ್ಚಿ ನೋಡಿದರೆ ದಾರ ಇದ್ದೇ ಇರುತ್ತಿತ್ತು.

ಅವಳಿಗೊಂದು ಅಭ್ಯಾಸ. ರಿಪೇರಿ ಮುಗಿದ ಮೇಲೆ ಚಿಂದಿ ಬಟ್ಟೆಯ ಮೇಲೆ ಒಂದಲ್ಲ, ಎರಡು ಸಾಲು ಹೊಲಿದು ನೋಡಬೇಕು. ಮೊದಲನೆಯ ಸಾಲು ಯಂತ್ರದ್ದು, ಎರಡನೆಯದು ನನ್ನ ಸಮಾಧಾನದ್ದು ಎನ್ನುತ್ತಿದ್ದಳು. ನಲವತ್ತು ವರ್ಷ ಹೀಗೆ ಪಳಗಿದ ಕೈ ಮನೆಯಲ್ಲಿ ಸುಮ್ಮನಿದ್ದೀತೇ? ಬೀಗ ಹಾಕಿದರೆ ಎರಡು ಸಲ ಜಗ್ಗುತ್ತಿತ್ತು, ಗ್ಯಾಸ್ ಆರಿಸಿದರೆ ಎರಡು ಸಲ ತಿರುಗಿಸಿ ನೋಡುತ್ತಿತ್ತು. ಅವಳಿಗೆ ಮಾತ್ರ ಇದೊಂದೂ ಗೊತ್ತಿರಲಿಲ್ಲ.

ಮನೆಯಲ್ಲಿದ್ದುದು ಅವಳು ಮತ್ತು ಮಗಳು, ಇಬ್ಬರೇ. ಮಗಳು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು. ಅಲ್ಲಿ ಮಲಗಿದವರಲ್ಲಿ ಮುಕ್ಕಾಲು ಪಾಲು ಬೈಕಿನಿಂದ ಬಿದ್ದವರೇ ಆದ್ದರಿಂದ, ಬೈಕೆಂದರೆ ಅವಳ ಕಣ್ಣಿಗೆ ಕಾಣುತ್ತಿದ್ದುದು ಪ್ಲಾಸ್ಟರು, ರಾಡು, ಊರುಗೋಲು. ಹೀಗಿರುವಾಗ ಮೂರು ತಿಂಗಳ ಹಿಂದೆ ಅವಳ ವಾರ್ಡಿಗೆ ಸ್ವಂತ ತಾಯಿಯೇ ಬಂದು ಮಲಗಿದಳು.

ಅದಕ್ಕೆ ಕಾರಣ ಮನೆಯ ಏರು. ರಸ್ತೆಯಿಂದ ಗ್ಯಾರೇಜಿಗೆ ಹದಿನೈದು ಅಡಿಯ ಸಿಮೆಂಟಿನ ಏರು, ಅದರ ತುದಿಯಲ್ಲಿ ಕಬ್ಬಿಣದ ಷಟರ್. ರಸ್ತೆಯೋ ಇಕ್ಕಟ್ಟು, ಬೈಕ್ ನಿಲ್ಲಿಸಿದರೆ ಹಿಂದೆ ಬಂದವರೆಲ್ಲ ಬಾಯಿಗೆ ಬಂದಂತೆ ಬೈಯುವಂಥದ್ದು. ಹಾಗಾಗಿ ಸೂಜಿಯಕ್ಕ ಏರಿನ ಮೇಲೆಯೇ ಬೈಕ್ ನಿಲ್ಲಿಸಿ, ಬ್ರೇಕಿನ ಮೇಲೆ ಕಾಲಿಟ್ಟು, ಬಗ್ಗಿ ಷಟರ್ ಎತ್ತುತ್ತಿದ್ದಳು. ಇಷ್ಟು ವರ್ಷ ಏನೂ ಆಗಿರಲಿಲ್ಲ. ಅವತ್ತು ಬೈಕು ಹಿಂದಕ್ಕೆ ಜಾರಿ, ಅವಳನ್ನೂ ಕೆಡವಿಕೊಂಡು ರಸ್ತೆಗೆ ಇಳಿಯಿತು. ಎಡಗೈ ಮಣಿಕಟ್ಟು ಮುರಿಯಿತು.

ಪ್ಲಾಸ್ಟರ್ ಬಿಚ್ಚಿದ ದಿನ ಮಗಳು ಮಾತು ತೆಗೆದಳು.

"ಬೈಕು ಮಾರಿಬಿಡಮ್ಮ."

"ಮಾರಿ? ಪೆಟ್ಟಿಗೆ ತಲೆ ಮೇಲೆ ಹೊತ್ಕೊಂಡು ಬಸ್ಸು ಹತ್ಲಾ? ಆ ಗಲ್ಲಿಗಳಿಗೆಲ್ಲ ಬಸ್ಸು ಬರುತ್ತಾ? ಬೈಕು ಹೋದ್ರೆ ನನ್ನ ಕೆಲ್ಸಾನೂ ಹೋಯ್ತು ಅಂತ ತಿಳ್ಕೊ."

"ಇನ್ನೊಂದ್ಸಲ ಬಿದ್ರೆ ಕೈಯೇ ಇರಲ್ಲ, ಇನ್ನು ಕೆಲ್ಸ ಎಲ್ಲಿಂದ ಬರುತ್ತೆ?"

"ನನ್ನ ಕೆಡವಿದ್ದು ಬೈಕಲ್ಲ ಕಣೆ, ಆ ಷಟರ್ರು. ನಾನು ಬರೋ ಹೊತ್ತಿಗೆ ಅದು ತಾನಾಗೇ ಎದ್ದು ನಿಂತಿರ್ಬೇಕು, ನಾನು ಸೀದಾ ಒಳಗೆ ಹೋಗ್ಬೇಕು. ಹಾಗ್ ಮಾಡ್ತೀನಿ ನೋಡು."

ಮಗಳು ಯೋಚಿಸಿ ಹೇಳಿದಳು. "ಸರಿ. ಆದ್ರೆ ಒಂದೇ ಒಂದ್ಸಲ ಏರಿನ ಮೇಲೆ ಕಾಲು ಊರಿದ್ರೂ ಬೈಕಿನ ಕೀ ನನ್ನ ಕೈಗೆ ಬರ್ಬೇಕು."

"ಆಯ್ತು. ಮಾತಂದ್ರೆ ಮಾತು."

ಷಟರಿಗೆ ಮೋಟರ್ ಕೂರಿಸಲು ಬಂದವನು ಕೆಲಸ ಮುಗಿಸಿ, ಹೆಬ್ಬೆರಳಿನಷ್ಟು ದಪ್ಪದ ರಿಮೋಟು ಕೊಟ್ಟು ಪಾಠ ಶುರು ಮಾಡಿದ. "ಒಂದೇ ಗುಂಡಿ ಅಮ್ಮ. ಒತ್ತಿದ್ರೆ ಮೇಲೆ ಹೋಗುತ್ತೆ, ಮತ್ತೆ ಒತ್ತಿದ್ರೆ ಅಲ್ಲೇ ನಿಲ್ಲುತ್ತೆ, ಮೂರನೇ ಸಲ..."

"ನೀನು ಹುಟ್ಟೋ ಮುಂಚೆಯಿಂದ ಯಂತ್ರ ಬಿಚ್ತಿದ್ದೀನಪ್ಪ, ನಡಿ" ಎಂದು ಅವನನ್ನು ಸಾಗಹಾಕಿದಳು.

ರಿಮೋಟೇನೋ ಬಂತು. ಆದರೆ ಬಲಗೈಯಲ್ಲಿ ಆಕ್ಸಿಲರೇಟರು, ಎಡಗೈಯಲ್ಲಿ ಕ್ಲಚ್ಚು, ಎರಡಕ್ಕೂ ಗ್ಲೌಸು. ಜೇಬಿನಿಂದ ಅದನ್ನು ತೆಗೆದು ಒತ್ತುವುದಕ್ಕೆ ಮೂರನೇ ಕೈಯೇ ಬೇಕು. ಸೂಜಿಯಕ್ಕ ರಿಮೋಟನ್ನು ಬಿಚ್ಚಿ, ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಕೂರಿಸಿ, ಹಾರನ್ನಿನ ಗುಂಡಿಗೆ ತಂತಿ ಎಳೆದಳು. ಬೀದಿಯ ಮೂಲೆಯಲ್ಲಿ ಹೇಗಿದ್ದರೂ ಹಾರನ್ ಹೊಡೆಯಲೇಬೇಕು. ಅಲ್ಲಿ ಹೊಡೆದರೆ ಷಟರ್ ಏಳಲು ಶುರು, ಮನೆ ಮುಟ್ಟುವ ಹೊತ್ತಿಗೆ ಬಾಗಿಲು ಪೂರ್ತಿ ತೆರೆದಿರುತ್ತದೆ. ಊರೆಲ್ಲ ಹಾರನ್ ಹೊಡೆದುಕೊಂಡು ತಿರುಗಿದರೂ ಚಿಂತೆಯಿಲ್ಲ, ಮೂಲೆಯಿಂದಾಚೆ ಷಟರಿಗೆ ಕಿವಿ ಕೇಳುವುದಿಲ್ಲ. ಬೈಕನ್ನು ಸ್ಟ್ಯಾಂಡ್ ಹಾಕಿ ಪರೀಕ್ಷೆ ಮಾಡಿದಳು. ಒತ್ತಿದಳು, ಷಟರ್ ತುದಿಯವರೆಗೆ ಏರುವುದನ್ನು ಕಣ್ತುಂಬ ನೋಡಿದಳು. ಒತ್ತಿದಳು, ನೆಲ ಮುಟ್ಟುವುದನ್ನು ನೋಡಿದಳು. ಮೀಸೆಯಿದ್ದಿದ್ದರೆ ತಿರುವುತ್ತಿದ್ದಳು.

ಮರುದಿನ ಸಂಜೆ ಮಗಳು ಏರಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಮೂಲೆಯಲ್ಲಿ ಹಾರನ್ ಕೇಳಿಸಿತು, ಒಂದರ ಬೆನ್ನಿಗೆ ಇನ್ನೊಂದು. ಷಟರ್ ಮೊಣಕಾಲಿನಷ್ಟು ಎದ್ದು, ಗಕ್ಕನೆ ನಿಂತುಬಿಟ್ಟಿತು. ಅಷ್ಟರಲ್ಲಿ ಸೂಜಿಯಕ್ಕ ಏರು ಹತ್ತಿಯಾಗಿತ್ತು. ಬ್ರೇಕ್ ಒತ್ತಿದಳು, ಎರಡೂ ಕಾಲು ಊರಿದಳು, ಬೈಕು ಹಿಂದಕ್ಕೆ ಜಾರತೊಡಗಿತು. ಮಗಳು ಓಡಿಬಂದು ಹಿಂದಿನ ಪೆಟ್ಟಿಗೆಗೆ ಹೆಗಲು ಕೊಟ್ಟು ನಿಂತಳು. ಯಾರೂ ಬೀಳಲಿಲ್ಲ. ತಾಯಿಯ ಮುಖ ಮಾತ್ರ ಹುಳ್ಳಗಾಯಿತು.

ಸೂಜಿಯಕ್ಕ ನೆಪ ಹೇಳಲಿಲ್ಲ. ಷಟರ್ ಪೂರ್ತಿ ತೆರೆದು, ಬೈಕನ್ನು ಒಳಗೆ ತಳ್ಳಿ, ಕೀ ತೆಗೆದು ಮಗಳ ಅಂಗೈಯಲ್ಲಿಟ್ಟಳು. ನಲವತ್ತು ವರ್ಷದ ದುಡಿಮೆ ಆ ಕೀಯ ಜೊತೆ ಹೋಯಿತೆಂದು ಅವಳಿಗೆ ಗೊತ್ತಿತ್ತು. ಆದರೆ ಕೊಟ್ಟ ಮಾತಿಗೆ ತಪ್ಪುವ ಜಾಯಮಾನ ಅವಳದಲ್ಲ.

ಎರಡು ದಿನ ಪೆಟ್ಟಿಗೆಯ ಅರ್ಧ ಸಾಮಾನು ಮನೆಯಲ್ಲಿ ಬಿಟ್ಟು, ಉಳಿದರ್ಧವನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಓಡಾಡಿದಳು. ಆರು ಕಡೆ ಹೋಗುವವಳು ಎರಡು ಕಡೆ ಹೋದಳು, ಅಲ್ಲಿ ಬೇಕಾದ ಸ್ಕ್ರೂ ಡ್ರೈವರು ಮನೆಯಲ್ಲಿರುತ್ತಿತ್ತು. ಮೂರನೆಯ ದಿನ ಒಬ್ಬ ದರ್ಜಿಯ ಅಂಗಡಿಯಲ್ಲಿ ಯಂತ್ರ ಸರಿಮಾಡಿ ಚಿಂದಿಯ ಮೇಲೆ ಒಂದು ಸಾಲು ಹೊಲಿದಳು. ಚೆನ್ನಾಗಿ ಬಂತು. ಕೈ ತಾನಾಗಿ ಬಟ್ಟೆ ತಿರುಗಿಸಿ ಎರಡನೆಯ ಸಾಲು ಶುರು ಮಾಡಿತು. ಸೂಜಿಯಕ್ಕ ಅರ್ಧದಲ್ಲೇ ನಿಲ್ಲಿಸಿ ತನ್ನ ಕೈಯನ್ನು ದಿಟ್ಟಿಸಿದಳು.

"ಥೂ ನಿನ್ನ! ಷಟರನ್ನೂ ಬಿಡ್ಲಿಲ್ವಲ್ಲೇ ನೀನು!"

"ಯಾಕಕ್ಕ, ಮಷೀನು ಮತ್ತೆ ಕೆಟ್ತಾ?" ದರ್ಜಿಗೆ ಗಾಬರಿ.

"ಮಷೀನು ಗಟ್ಟಿಮುಟ್ಟಾಗಿದೆಯಪ್ಪ. ಕೆಟ್ಟಿರೋದು ನಾನು" ಎಂದು ನಗುನಗುತ್ತಾ ಎದ್ದಳು.

ಮೂಲೆಯಲ್ಲಿ ಅವಳ ಬೆರಳು ಎರಡು ಸಲ ಒತ್ತಿತ್ತು. ಒಂದಕ್ಕೆ ಎದ್ದ ಷಟರ್ ಎರಡಕ್ಕೆ ನಿಂತಿತ್ತು. ಬೇರೆಯವರಾಗಿದ್ದರೆ ಇನ್ನು ಮೇಲೆ ಒಂದೇ ಸಲ ಒತ್ತುತ್ತೇನೆಂದು ಆಣೆ ಮಾಡುತ್ತಿದ್ದರು. ಈ ವಯಸ್ಸಿನಲ್ಲಿ ಕೈಗೆ ಬುದ್ಧಿ ಹೇಳುವುದಕ್ಕಿಂತ ತಂತಿಗೆ ಬುದ್ಧಿ ಹೇಳುವುದು ವಾಸಿ ಎಂದು ಸೂಜಿಯಕ್ಕ ತೀರ್ಮಾನಿಸಿದಳು. ರೇಡಿಯೋ ರಿಪೇರಿಯವನ ಅಂಗಡಿಯಿಂದ ಸಣ್ಣದೊಂದು ಟೈಮರ್ ತಂದು ಹಾರನ್ ಗುಂಡಿಗೂ ರಿಮೋಟಿಗೂ ನಡುವೆ ಸೇರಿಸಿದಳು. ಮೊದಲ ಸಲ ಒತ್ತಿದ್ದಷ್ಟೇ ಷಟರಿಗೆ ಮುಟ್ಟುತ್ತದೆ, ಆಮೇಲೆ ಅರ್ಧ ನಿಮಿಷ ಎಷ್ಟು ಒತ್ತಿದರೂ ಅದು ಕ್ಯಾರೇ ಅನ್ನುವುದಿಲ್ಲ.

ಭಾನುವಾರ ಬೆಳಿಗ್ಗೆ ಮಗಳ ಮುಂದೆ ನಿಂತಳು.

"ಸರಿಮಾಡಿದ್ದೀನಿ. ಓಡಿಸಿ ನೋಡ್ಬೇಕು. ನಾನಂತೂ ಬೈಕ್ ಹತ್ತೋ ಹಾಗಿಲ್ಲ, ನೀನೇ ಹೋಗಿ ಬಾ."

"ನಾನಾ? ಬೈಕ್ ಮುಟ್ಟಿ ಒಂಬತ್ತು ವರ್ಷ ಆಯ್ತಮ್ಮ!"

"ಕಲಿಸಿದ್ದು ನಾನು. ಮರೆತಿರಲ್ಲ."

ಮಗಳು ಗೊಣಗುತ್ತಲೇ ಹೆಲ್ಮೆಟ್ ಹಾಕಿ ಹೊರಟಳು. ಸೂಜಿಯಕ್ಕ ಪಕ್ಕದ ಸರಪಳಿ ಎಳೆದು ಷಟರ್ ಇಳಿಸಿ ಗ್ಯಾರೇಜಿನೊಳಗೆ ನಿಂತಳು. ದೊಡ್ಡ ರಸ್ತೆಯವರೆಗೆ ಹೋಗಿ ತಿರುಗಿ ಬರಲು ಎರಡು ನಿಮಿಷ ಸಾಕು. ಎರಡು ನಿಮಿಷವಾಯಿತು. ಐದಾಯಿತು. ಗೇರು ಸಿಗುತ್ತಿಲ್ಲವೇನೋ ಅಂದುಕೊಂಡಳು. ಎಂಟಾಯಿತು. ದೊಡ್ಡ ರಸ್ತೆಯ ಕಡೆ ಯಾವುದೋ ಗಾಡಿ ಕಿರ್ರೆಂದು ಬ್ರೇಕ್ ಹಾಕಿತು, ಯಾರೋ ಕೂಗಿದರು. ಎಲ್ಲ ಸದ್ದಿನ ಅರ್ಥ ಬಲ್ಲವಳಿಗೆ ಆ ಸದ್ದು ಏನೆಂದು ತಿಳಿಯಲಿಲ್ಲ. ಒಂಬತ್ತು ವರ್ಷ ಗಾಡಿ ಮುಟ್ಟದ ಹುಡುಗಿಯನ್ನು ಕಳಿಸಿದೆನಲ್ಲ, ಈ ಹಾಳು ಷಟರಿನ ಹಟಕ್ಕೆ ಎಂದು ತನ್ನನ್ನೇ ಶಪಿಸಿಕೊಂಡಳು. ಪರೀಕ್ಷೆ ಮಣ್ಣು ಮುಕ್ಕಲಿ ಎಂದು ಷಟರನ್ನು ಕೈಯಿಂದ ಎತ್ತುವ ಸರಪಳಿಗೆ ಕೈ ಹಾಕಿದಳು.

ಆಗ ಮೂಲೆಯಲ್ಲಿ ಹಾರನ್ ಕೂಗಿತು. ಒಂದು, ಎರಡು, ಮೂರು, ನಾಲ್ಕು. ಷಟರ್ ಒಂದೇ ಉಸಿರಿಗೆ ಮೇಲೇರಿತು. ಬಿಸಿಲಿನ ಜೊತೆಗೆ ಬೈಕು ಒಳಗೆ ಬಂದು ನಿಂತಿತು.

"ನಿಲ್ಲಿಸ್ಲೇ ಇಲ್ಲಮ್ಮ! ಸೀದಾ ಬಂದ್ಬಿಟ್ಟೆ!" ಮಗಳ ಮುಖ ಅರಳಿತ್ತು.

"ಎಲ್ಲಿಗೆ ಹಾಳಾಗಿ ಹೋಗಿದ್ದೆ? ಹೊತ್ತುಗೊತ್ತು ಬೇಡ್ವಾ? ದಾರಿ ಕಾಯೋರ ಗತಿ ಏನು ಅಂತ ಒಂದು ಸಲನಾದ್ರೂ..."

ಮಗಳು ಹೆಲ್ಮೆಟ್ ತೆಗೆದು ತಾಯಿಯನ್ನು ನೋಡಿದಳು. "ಕೈ ಪಳಗ್ಲಿ ಅಂತ ಎರಡು ಸುತ್ತು ಜಾಸ್ತಿ ಹೊಡೆದೆ, ಅಷ್ಟೆ."

ಸೂಜಿಯಕ್ಕ ಸರಪಳಿ ಬಿಟ್ಟು ಗೋಡೆಗೆ ಒರಗಿದಳು. "ಹೆದರಿಬಿಟ್ಟಿದ್ದೆ ಕಣೆ. ಜೀವ ಬಾಯಿಗೆ ಬಂದಿತ್ತು."

"ಹೂಂ."

"ನಿಂಗೆ ದಿನಾ ಹೀಗೇ ಆಗುತ್ತಾ?"

"ದಿನಾ. ನಾನು ಆ ವಾರ್ಡಿಗೆ ಸೇರಿದಾಗಿಂದ, ಆರು ಗಂಟೆ ಆಗ್ತಿದ್ದ ಹಾಗೆ ಶುರುವಾಗುತ್ತೆ. ನೀನು ಕೆಲವು ದಿನ ಎಂಟಕ್ಕೆ ಬರ್ತೀಯ."

ಮಗಳು ಬೈಕಿನಿಂದ ಕೀ ತೆಗೆದು ಚಾಚಿದಳು. ಸೂಜಿಯಕ್ಕ ತಕ್ಷಣ ತೆಗೆದುಕೊಳ್ಳಲಿಲ್ಲ. ಷಟರು ಎದ್ದಿತ್ತು, ಅವಳು ಗೆದ್ದಿದ್ದಳು. ಗೆದ್ದೆನೆಂದು ಬೀಗಬೇಕಾದ ಹೊತ್ತಿನಲ್ಲಿ ಅವಳ ಕಣ್ಣು ತೇವವಾಗಿತ್ತು.

"ನಾಳೆಯಿಂದ ಐದೂವರೆಗೆ ಮನೇಲಿರ್ತೀನಿ" ಎಂದಳು. "ಎಲ್ಲಿ ಯಾವ ಮಷೀನು ಕೆಟ್ಟು ನಿಂತಿರ್ಲಿ."

ಆಮೇಲೆ ಕೀ ತೆಗೆದುಕೊಂಡಳು. ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತೇನೆಂಬ ಮಾತನ್ನು ಅವಳು ನಲವತ್ತು ವರ್ಷದಲ್ಲಿ ಯಾರಿಗೂ ಕೊಟ್ಟಿರಲಿಲ್ಲ.