ಹುಚ್ಚಮ್ಮ ಕಾಲು ನೋಡುವುದು ಕಲಿತದ್ದು

ಅಜ್ಜಂಪುರದ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಹುಚ್ಚಮ್ಮನ ಮನೆ. ಉಳುಕು ತೆಗೆಯುವ ಕೈ ಅವಳಿಗೆ ಅತ್ತೆಯಿಂದ ಬಂದದ್ದು. ಗಾಡಿಯಿಂದ ಬಿದ್ದವರು, ಮೂಟೆ ಎತ್ತಿ ಸೊಂಟ ಹಿಡಿದವರು ಬರುತ್ತಿದ್ದರು. ಓಡಿ ಕಾಲು ನೋಯಿಸಿಕೊಂಡು ಬಂದವನೆಂದರೆ ಲಕ್ಕಣ್ಣನೇ ಮೊದಲು. ಅದು ಎಪ್ಪತ್ತಾರನೇ ಇಸವಿ.

ಪೊಲೀಸ್ ಆಯ್ಕೆಗೆ ತಿಂಗಳು ಉಳಿದಿತ್ತು. ಅದುವರೆಗೆ ಬಸ್ಸು ಹಿಡಿಯಲೂ ಓಡದಿದ್ದ ಲಕ್ಕಣ್ಣ ದಿನಾ ಬೆಳಿಗ್ಗೆ ಹಳಿಯ ಪಕ್ಕದ ದಾರಿಯಲ್ಲಿ ಬರಿಗಾಲಲ್ಲಿ ನಾಲ್ಕು ಮೈಲಿ ಓಡತೊಡಗಿದ್ದ. ಮೀನಖಂಡ ಹಿಡಿದುಕೊಂಡಿದೆ, ಉಜ್ಜಿಕೊಡು ಎಂದು ಕಾಲು ಚಾಚಿದ. ಉಜ್ಜುವಾಗ ಹುಚ್ಚಮ್ಮನ ಹೆಬ್ಬೆರಳು ಮಂಡಿಯ ಕೆಳಗಿನ ಮೂಳೆಗೆ ಒಂದು ಕಡೆ ತಾಗಿತು. ಅವನು ಹಲ್ಲು ಕಚ್ಚಿದ. ಇದು ಮೂಳೆಯದೇನೋ ಎಂದು ಅವಳು ಅನುಮಾನಪಟ್ಟಳು.

"ನನ್ ಕಾಲು ನಂಗೊತ್ತಿಲ್ವೇನಕ್ಕ? ಮೀನಖಂಡಾನೇ ಕಣಕ್ಕ," ಎಂದ ಲಕ್ಕಣ್ಣ.

ನೋವು ತಿನ್ನುವವನೇ ಹೇಳುವಾಗ ತನ್ನದೇನು ಎಂದುಕೊಂಡು, ಮೂರು ದಿನ ಹರಳೆಣ್ಣೆ ಕಾಸಿ ತಿಕ್ಕಿ ಕಳಿಸಿದಳು. ಆಯ್ಕೆಯ ದಿನ ಓಟದ ಮೂರನೇ ಸುತ್ತಿನಲ್ಲಿ ಅವನ ಕಾಲು ಮುರಿಯಿತು.

ಬೈದರೆ ಬೈಸಿಕೊಳ್ಳೋಣ ಎಂದೇ ಅವಳು ಆಸ್ಪತ್ರೆಗೆ ಹೋದಳು. ಲಕ್ಕಣ್ಣ ಬೈಯಲಿಲ್ಲ. "ನಾನೇ ತಪ್ಪು ಹೇಳ್ದೆ," ಎಂದು ಗೋಡೆಯ ಕಡೆ ತಿರುಗಿಕೊಂಡ. ಅದು ಬೈಗುಳಕ್ಕಿಂತ ಕಷ್ಟವಾಯಿತು. ಹೊರಗೆ ಬಂದವಳು ಡಾಕ್ಟರನ್ನು ತಡೆದು ನಿಲ್ಲಿಸಿ ಕೇಳಿದಳು. ಮೂಳೆ ಮೊದಲೇ ಕೂದಲೆಳೆಯಷ್ಟು ಸೀಳಿತ್ತು, ಹೊಸದಾಗಿ ಓಡುವವರಿಗೆ ಯಾವ ನೋವು ಯಾವುದರದ್ದೆಂದು ತಿಳಿಯುವುದಿಲ್ಲ ಎಂದರು ಅವರು. ಮಾಂಸದ ನೋವು ಹರಡಿಕೊಂಡಿರುತ್ತದೆ, ಮೂಳೆಯದು ಸಾಮಾನ್ಯವಾಗಿ ಒಂದೇ ಕಡೆ ಕೂತಿರುತ್ತದೆ ಎಂದೂ ಹೇಳಿದರು.

ಲಕ್ಕಣ್ಣನ ಕಾಲು ಕೂಡುವಷ್ಟರಲ್ಲಿ ಪೊಲೀಸ್ ಆಗುವ ವಯಸ್ಸು ದಾಟಿತ್ತು. ಎರಡು ವರ್ಷ ಊರಲ್ಲಿದ್ದು, ಆಮೇಲೆ ಮಾವನ ಊರು ಸಿಂಗಟಗೆರೆಗೆ ಹೋಗಿ ತೆಂಗಿನ ತೋಟ ನೋಡಿಕೊಂಡ.

ಅಂದಿನಿಂದ ಓಡುವವರು ಹೆಸರಿಟ್ಟು ಹೇಳಿದ ಕಾಯಿಲೆಯನ್ನು ಹುಚ್ಚಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲಿ, ತೋರಿಸು ಎನ್ನುತ್ತಿದ್ದಳು. ಒಂದೇ ಬೆರಳಿಟ್ಟು ತೋರಿಸಿದವರನ್ನು ಮುಟ್ಟದೆ ಆಸ್ಪತ್ರೆಗೆ ಕಳಿಸುತ್ತಿದ್ದಳು. ಕೆಲವರು ಮುನಿಸಿಕೊಂಡು ಬೇರೆ ಕಡೆ ಹೋಗಿ ಉಜ್ಜಿಸಿಕೊಂಡರು.

ಎಂಬತ್ತಮೂರರಲ್ಲಿ ಬೀರೂರಿನ ವಿಶಾಲಾಕ್ಷಮ್ಮ ಮಗಳು ಮಲ್ಲಿಕಾಂಬಳನ್ನು ಕರೆತಂದಳು. ಕಾಲೇಜಿನ ಓಟಕ್ಕೆ ಹೆಸರು ಕೊಟ್ಟು ಹದಿನೈದು ದಿನವಾಗಿತ್ತು. ಮೂಳೆ ಮುರಿದಿದೆ ಎಂದು ಹುಡುಗಿ ಅಳುತ್ತಿದ್ದಳು. ಓಟ ಸಾಕು ಎಂದು ತಾಯಿ ತೀರ್ಮಾನಿಸಿಬಿಟ್ಟಿದ್ದಳು. ತೋರಿಸು ಎಂದಾಗ ಮಲ್ಲಿಕಾಂಬ ಎರಡೂ ಕಾಲನ್ನು ಮಂಡಿಯಿಂದ ಹಿಮ್ಮಡಿವರೆಗೆ ಅಂಗೈಯಲ್ಲಿ ಸವರಿದಳು.

ಹುಚ್ಚಮ್ಮ ನಗು ತಡೆದುಕೊಂಡಳು. "ಮೂಳೆ ಅಲ್ಲ ಅನ್ಸುತ್ತೆ ಕಣವ್ವ. ಅಭ್ಯಾಸ ಇಲ್ದ ಕಾಲು, ದಣಿದೈತೆ. ಆದ್ರೆ ನಾನೂ ಒಂದ್ಸಲ ತಪ್ಪಿದೀನಿ. ಡಾಕ್ಟರಿಗೂ ತೋರ್ಸು."

ಡಾಕ್ಟರೂ ಅದನ್ನೇ ಹೇಳಿದರು. ಹತ್ತು ದಿನ ಸುಮ್ಮನಿದ್ದು, ಆಮೇಲೆ ದಿನಕ್ಕಿಷ್ಟೇ ಎಂದು ಓಡಿದ ಮಲ್ಲಿಕಾಂಬ ಆ ವರ್ಷ ಕಡೂರಿನ ಓಟದಲ್ಲಿ ನಾಲ್ಕನೆಯವಳಾಗಿ ಬಂದಳು. ಅದನ್ನು ಹೇಳಲೆಂದೇ ವಿಶಾಲಾಕ್ಷಮ್ಮ ರೈಲು ಹತ್ತಿ ಬಂದಳು. ಎಷ್ಟು ಜನ ಓಡಿದ್ದರು ಎಂದು ಹುಚ್ಚಮ್ಮ ಕೇಳಿದಳು. ಹನ್ನೊಂದು ಜನವಂತೆ.