ಪರದೇಶದ ಹೊಳೆ ಕಾಯ್ದ ಅಂಬಿಗರ ಹಣಮಪ್ಪ

ನಾನು ಮದುವೆಯಾಗಿ ಅನಗವಾಡಿಗೆ ಬಂದಾಗ ನಮ್ಮ ಸೀಮೆ ಇನ್ನೂ ಬೊಂಬಾಯಿ ರಾಜ್ಯಕ್ಕೆ ಸೇರಿತ್ತು. ನನ್ನ ತವರು ಜಮಖಂಡಿ. ಅಲ್ಲಿ ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ನನ್ನ ಯಜಮಾನರು ಶ್ರೀಧರ ಮಾಸ್ತರರು ಅನಗವಾಡಿಯ ಕನ್ನಡ ಸಾಲೆಗೆ ಬದಲಿಯಾಗಿ ಬಂದಿದ್ದರು. ನಮಗೆ ಬಾಡಿಗೆಗೆ ಸಿಕ್ಕ ಮನೆ ಊರಿನ ಕೊನೆಗೆ, ಹೊಳೆಯ ಕಡೆ ಮುಖ ಮಾಡಿ ನಿಂತಿತ್ತು. ಮುಂಜಾನೆ ಕದ ತೆಗೆದರೆ ಮೊದಲು ಒಳಗೆ ಬರುತ್ತಿದ್ದುದು ಹೊಳೆಯ ತಂಪು ಗಾಳಿ, ಆಮೇಲೆ ಅಂಬಿಗರ ಸಾಬಣ್ಣನ ಕೂಗು. ಆಚೆ ದಂಡೆಗೆ ಹೋಗುವವರನ್ನು ಅವನು ಕೂಗಿ ಕೂಗಿ ಕರೆಯುತ್ತಿದ್ದ. ಅವನ ದೋಣಿಯಲ್ಲಿ ಆಡಿಗೂ ಜಾಗವಿತ್ತು, ಸೈಕಲ್ಲಿಗೂ ಇತ್ತು, ತವರಿಗೆ ಹೊರಟ ಬಾಣಂತಿಗೂ ಇತ್ತು. ಈಗ ನಾನು ಮುದುಕಿ. ಆದರೂ ಆ ಹೊಳೆ ನೆನಪಾದರೆ ಆ ಕೂಗೇ ಮೊದಲು ಕೇಳಿಸುತ್ತದೆ.

ಸಾಬಣ್ಣನ ಹೆಂಡತಿ ಸಿದ್ದಕ್ಕ ನನಗೆ ಮಜ್ಜಿಗೆ ಕಡೆಯುವಾಗಲೂ, ಹಪ್ಪಳ ಒಣಹಾಕುವಾಗಲೂ ಜೊತೆ. ಅವಳ ಮಾತೆಲ್ಲ ಒಬ್ಬನೇ ಮಗನ ಸುತ್ತ. ಅವನೇ ಹಣಮಪ್ಪ. ಮಿಲಿಟರಿಗೆ ಸೇರಿದ್ದ. ಅವನು ಯಾಕೆ ಸೇರಿದ ಎಂಬುದನ್ನು ಸಿದ್ದಕ್ಕ ಹೀಗೆ ಹೇಳುತ್ತಿದ್ದಳು.

ಅದು ನಿಜಾಮನ ಗದ್ದಲದ ವರ್ಷ. ನಮ್ಮ ಹೊಳೆ ಕೆಳಗೆ ಕೃಷ್ಣೆಯನ್ನು ಸೇರಿ ನಿಜಾಮನ ಸೀಮೆಗೇ ಹೋಗುವುದರಿಂದ, ಅದರ ಮೇಲೆ ಬಂದೂಕು, ತೋಟಾ ಹೋಗದಿರಲಿ ಎಂದು ದಂಡೆಗೆ ಪೊಲೀಸರು ಬಂದು ಕೂತಿದ್ದರು. ಅರಳೆಯ ಅಂಡಿಗೆಗೆ ಕಬ್ಬಿಣದ ಸಲಾಕೆ ಚುಚ್ಚಿ ನೋಡುವುದು, ಜೋಳದ ಚೀಲ ಸುರುವಿ ನೋಡುವುದು. ಒಂದು ದಿನ ಬೀಳಗಿ ಕಡೆಯ ಮದುಮಗಳ ಟ್ರಂಕನ್ನು ದೋಣಿಯಲ್ಲೇ ಬೋರಲು ಹಾಕಿದರು. ಕುಬಸ, ಕನ್ನಡಿ, ಅರಿಷಿಣದ ಬಟ್ಟಲು ಎಲ್ಲ ಕೆಸರು ನೀರಿನಲ್ಲಿ ಬಿದ್ದವು. ಹರೆಯದ ಹಣಮಪ್ಪ ದೋಣಿ ನೂಕುವ ಗಳ ಎತ್ತಿಕೊಂಡು ಪೊಲೀಸನ ಮೇಲೆ ಹೋಗಿದ್ದ. ಅಪ್ಪ ನಡುವೆ ಬಂದು ತಡೆದ.

“ಹುಡುಕೋರು ಹುಡುಕಲಿ ಬಿಡಲೇ. ಅವರಿಗೆ ಹುಕುಮು ಐತಿ, ಅವರು ಮಾಡ್ತಾರ. ನೀ ದೋಣಿ ನಡಸು.”

ಗದ್ದಲವೇನೋ ಅಡಗಿತು, ಆದರೆ ಹಣಮಪ್ಪನಿಗೆ ದಂಡೆಯ ಮೇಲೆ ಮನಸ್ಸು ನಿಲ್ಲಲಿಲ್ಲ. ಮರುವರ್ಷ ಬೆಳಗಾವಿಗೆ ಹೋಗಿ ಭರ್ತಿಯಾಗಿಬಿಟ್ಟ. ಖಾಕಿಯವರ ಮೇಲೆ ಸಿಟ್ಟು ಮಾಡಿದವನು ತಾನೇ ಖಾಕಿ ತೊಟ್ಟನಲ್ಲ ಎಂದು ಸಿದ್ದಕ್ಕ ಅಳುತ್ತ ನಗುತ್ತಿದ್ದಳು.

ನಾನು ಅವನನ್ನು ಮೊದಲು ಕಂಡದ್ದು ಅವನು ರಜೆಗೆ ಬಂದಾಗ. ಎತ್ತರದ ಆಳು, ಬಾಗಿಲಲ್ಲಿ ನಿಂತರೆ ಬೆಳಕಿಗೇ ಅಡ್ಡ. ಮಾತು ಕಡಿಮೆ. ಬಂದ ದಿನವೇ ಸಮವಸ್ತ್ರ ಕಳಚಿ, ಧೋತರ ಮೇಲೆ ಕಟ್ಟಿ, ಅಪ್ಪನ ಕೈಯಿಂದ ಗಳ ಇಸಿದುಕೊಂಡಿದ್ದ. ಆ ರಜೆ ಮುಗಿಸಿ ಹೋದವನು ಮುಂದಿನ ವರ್ಷ ಪರದೇಶಕ್ಕೆ ಹೊರಟನೆಂದು ಸುದ್ದಿ ಬಂತು. ಸಿದ್ದಕ್ಕ ಎದೆ ಬಡಿದುಕೊಳ್ಳುತ್ತ ನಮ್ಮ ಮನೆಗೆ ಬಂದಳು. ನಮ್ಮವರು ಸಾಲೆಯಿಂದ ನಕಾಶೆ ತರಿಸಿ ಪಡಸಾಲೆಯಲ್ಲಿ ಹಾಸಿದರು.

“ನೋಡು ಸಿದ್ದಕ್ಕ, ಇದು ನಮ್ಮ ದೇಶ. ಇದು ಇಂಡೋಚೈನಾ. ಅಲ್ಲಿ ದೊಡ್ಡ ಯುದ್ಧ ಆಗಿ ಈಗ ನಿಂತದ. ನಿನ್ನ ಮಗಾ ಯುದ್ಧಕ್ಕ ಹೊಂಟಿಲ್ಲ, ಯುದ್ಧ ಮತ್ತ ಸುರು ಆಗದಂಗ ಕಾಯಲಿಕ್ಕೆ ಹೊಂಟಾನ.”

ಸಿದ್ದಕ್ಕ ನಕಾಶೆಯ ನೀಲಿ ಬಣ್ಣದ ಮೇಲೆ ಬೆರಳಿಟ್ಟಳು. “ಇದೇನ್ರಿ ಮಾಸ್ತರ?”

“ಸಮುದ್ರ.”

“ಎಲ್ಲಾ ನೀರs ಏನ್ರಿ?”

“ಎಲ್ಲಾ ನೀರs.”

“ಹಂಗಾದ್ರ ಚಿಂತಿಲ್ಲ ಬಿಡ್ರಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. “ನೀರಾಗ ನನ್ನ ಮಗಾ ಅಂಜೂದಿಲ್ಲ.”

ಅವನು ತಿರುಗಿ ಬಂದದ್ದು ಐವತ್ತಾರರಲ್ಲಿ, ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ. ಇನ್ನು ಸ್ವಲ್ಪ ದಿನಕ್ಕೆ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರುತ್ತೇವೆಂದು ಊರ ತುಂಬ ಅದೇ ಮಾತು. ಹಣಮಪ್ಪನಿಗೆ ಅದರ ಗೊಡವೆ ಇರಲಿಲ್ಲ. ಸೈನ್ಯ ಬಿಟ್ಟು ಬಂದಿದ್ದ. ಸಂಜೆ ದೋಣಿ ಕಟ್ಟಿ ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದ. ನಮ್ಮವರು ಕೇಳಿದಷ್ಟಕ್ಕೆ ಉತ್ತರ ಕೊಡುತ್ತಿದ್ದವನು, ಬರಬರುತ್ತ ತಾನಾಗಿಯೇ ಹೇಳತೊಡಗಿದ.

ಅಲ್ಲಿ ಆಳುತ್ತಿದ್ದ ಫ್ರೆಂಚರು, ಅವನ ಮಾತಿನಲ್ಲಿ ಫರಾಸಿಯವರು, ಬಿಟ್ಟು ಹೋದ ಮೇಲೆ ದೇಶ ಎರಡು ಪಾಲಾಗಿತ್ತು. ಯಾವ ಪಾಲಿನವರೂ ಹೊರಗಿನಿಂದ ಹೊಸ ಬಂದೂಕು, ಫಿರಂಗಿ ತರಬಾರದು ಎಂದು ಎಲ್ಲರೂ ಕೂತು ಒಪ್ಪಂದ ಬರೆದಿದ್ದರು. ಮುರಿದ ಬಂದೂಕಿನ ಬದಲಿಗೆ ಅಂಥದೇ ಇನ್ನೊಂದು ತರಬಹುದು, ಹೆಚ್ಚಿಗೆ ಒಂದೂ ಬರುವಂತಿಲ್ಲ. ಅದನ್ನು ನೋಡಿಕೊಳ್ಳಲು ನಮ್ಮ ದೇಶದವರು, ಪೋಲೆಂಡಿನವರು, ಕೆನಡಾದವರು. ಮೂರೂ ದೇಶದ ಅಧಿಕಾರಿಗಳು ಸೇರಿದ ಒಂದೊಂದು ತುಕಡಿ ಒಂದೊಂದು ಬಂದರಿನಲ್ಲಿ, ಒಂದೊಂದು ಗಡಿಯಲ್ಲಿ. ಹಣಮಪ್ಪನ ಪಾಲಿಗೆ ಬಂದದ್ದು ಮೆಕಾಂಗ್ ಎಂಬ ಹೊಳೆಯ ದಂಡೆಯ ಒಂದು ಸಣ್ಣ ಊರು. ದೋಣಿ ಬಲ್ಲವನೆಂದು ಅವನನ್ನು ತಪಾಸಣೆಗೆ ಹಾಕಿದರು. ಅಧಿಕಾರಿಗಳು ಲಾಂಚಿನಲ್ಲಿ ನಿಂತಿರುವರು. ಇವನು ಬಂದ ದೋಣಿಗೆ ಇಳಿದು, ಚಾಪೆ ಸರಿಸಿ, ದೊಡ್ಡ ಮಣ್ಣಿನ ಹರವಿಗಳ ಬಾಯಿ ಬಿಚ್ಚಿ, ಬಿದಿರು ಕೋಲು ಇಳಿಬಿಟ್ಟು ನೋಡಬೇಕು.

“ಆ ಹೊಳಿ ಎಷ್ಟ ದೊಡ್ಡದೋ?” ಎಂದು ನಾನು ಕೇಳಿದೆ.

“ಏನ ಹೇಳ್ಲಿರಿ ಬಾಯಾರ. ನಮ್ಮ ಕೃಷ್ಣವ್ವಗ ಮಹಾಪೂರ ಬಂದಾಗ ಹೆಂಗಿರ್ತಾಳ, ಅಲ್ಲೀ ಹೊಳಿ ಬ್ಯಾಸಗ್ಯಾಗೂ ಹಂಗs. ಮಂದಿ ದೋಣ್ಯಾಗs ಹುಟ್ಟಿ ದೋಣ್ಯಾಗs ಸಾಯ್ತಾರ. ಒಲಿ ದೋಣ್ಯಾಗ, ಕೋಳಿ ದೋಣ್ಯಾಗ, ತೊಟ್ಟಲಾ ದೋಣ್ಯಾಗ.”

ಮೊದಮೊದಲು ಅವನಿಗೆ ಕೋಲು ಇಳಿಬಿಡಲು ಮನಸ್ಸು ಬರುತ್ತಿರಲಿಲ್ಲವಂತೆ. ತನ್ನಪ್ಪನ ದೋಣಿಯಲ್ಲಿ ಪೊಲೀಸರು ಮಾಡಿದ್ದನ್ನೇ ತಾನು ಇಲ್ಲಿ ಮಾಡುತ್ತಿದ್ದೇನೆ ಎನಿಸುತ್ತಿತ್ತು. ಅದಕ್ಕೇ ಅವನು ಯಾರ ಸಾಮಾನನ್ನೂ ಕೆಡವುತ್ತಿರಲಿಲ್ಲ. ತೆಗೆದದ್ದನ್ನು ತೆಗೆದಲ್ಲೇ ಇಟ್ಟು ಬರುತ್ತಿದ್ದ.

ಅಲ್ಲಿ ಒಬ್ಬ ಮುದುಕ ಅಂಬಿಗನಿದ್ದ. ಹೆಸರು ನಾಲಿಗೆಗೆ ಹೊರಳದ್ದರಿಂದ ಹಣಮಪ್ಪ ಅವನನ್ನು ಕಾಕಾ ಎಂದು ಕರೆದ. ಅವನ ಹೆಂಡತಿ ಕಾಕಿ. ಮೀನು ಕೊಳೆಹಾಕಿ ಮಾಡುವ ಉಪ್ಪುಸಾರನ್ನು ಹರವಿಗಳಲ್ಲಿ ತುಂಬಿ ಊರಿಂದೂರಿಗೆ ಸಾಗಿಸುವುದು ಅವರ ಕಸುಬು. ಭಾಷೆ ಇಲ್ಲದಿದ್ದರೂ ಇಬ್ಬರು ಅಂಬಿಗರಿಗೆ ಮಾತು ತಡವಾಗಲಿಲ್ಲ. ಕಾಕಾ ನಿಂತುಕೊಂಡೇ ಹುಟ್ಟು ಹಾಕುತ್ತಿದ್ದ. ಹಣಮಪ್ಪ ಅದನ್ನು ಕಲಿಯಲು ಹೋಗಿ ಹೊಳೆಗೆ ಬಿದ್ದ. ಕಾಕಿ ಸೆರಗಿನ ಬದಲು ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದಳಂತೆ. ಇದನ್ನು ಹೇಳುವಾಗ ಹಣಮಪ್ಪ ತಾನೂ ನಗುತ್ತಿದ್ದ.

ಒಂದು ಮುಂಜಾನೆ ಕಾಕಾನ ದೋಣಿ ಬಂತು. ಹಣಮಪ್ಪ ಎಂದಿನಂತೆ ಇಳಿದು ಒಂದೊಂದೇ ಹರವಿಗೆ ಕೋಲು ಬಿಟ್ಟ. ಒಂದರಲ್ಲಿ ಕೋಲು ತಳ ಮುಟ್ಟುವ ಮೊದಲೇ ‘ಟಣ್’ ಎಂದಿತು. ಲಾಂಚಿನವರಿಗೆ ಕೇಳಿಸಿರಲಿಲ್ಲ. ಹಣಮಪ್ಪ ತಲೆ ಎತ್ತಿ ನೋಡಿದ. ಕಾಕಾ ಅವನನ್ನೇ ನೋಡುತ್ತಿದ್ದ, ಕೈ ಮುಗಿಯಲಿಲ್ಲ, ತಲೆಯಾಡಿಸಲಿಲ್ಲ.

ಇಲ್ಲಿಗೆ ಬಂದು ಹಣಮಪ್ಪ ಹೊಳೆಯ ಕಡೆ ತಿರುಗಿ ಕೂತ. ನಮ್ಮವರು ಮೆಲ್ಲಗೆ ಕೇಳಿದರು, “ಮುಂದ?”

“ಹರವಿ ಬಾಯಿ ಮುಚ್ಚಿದ್ರ ಮುಚ್ಚಬಹುದಿತ್ರಿ ಮಾಸ್ತರ. ಆದ್ರ ಅವು ಯಾರ ಮನಿಗೆ ಹೊಂಟಿದ್ದೂವೋ, ಯಾರ ಮ್ಯಾಲೆ ಹಾರೂವಿದ್ದೂವೋ, ನನಗೇನ ಗೊತ್ತು? ಗೊತ್ತಿಲ್ದಕ್ಕs ಹರವ್ಯಾಗ ಏನೋ ಐತಿ ಅಂತ ಸಾಹೇಬ್ರಿಗೆ ಹೇಳಿಬಿಟ್ಟೆ.”

ಎಣ್ಣೆಬಟ್ಟೆಯಲ್ಲಿ ಸುತ್ತಿದ ಬಂದೂಕಿನ ನಳಿಗೆಗಳು ಹೊರಗೆ ಬಂದವು. ಸಂಜೆಯವರೆಗೂ ಅಧಿಕಾರಿಗಳ ವಾದ ನಡೆಯಿತು. ಒಬ್ಬರು ಇವು ಹೊಸವು, ಒಪ್ಪಂದ ಮುರಿದಿದೆ ಅಂದರು. ಇನ್ನೊಬ್ಬರು ಇವು ಹಳೆ ಯುದ್ಧದವು, ಒಪ್ಪಂದಕ್ಕೆ ಸಂಬಂಧವೇ ಇಲ್ಲ ಅಂದರು. ನಡುವೆ ನಮ್ಮ ಮೇಜರ್ ಸಾಹೇಬರು. ಕಡೆಗೆ ಮೂವರೂ ಬೇರೆ ಬೇರೆ ಅಭಿಪ್ರಾಯ ಬರೆದು ಮೇಲಕ್ಕೆ ಕಳಿಸಿದರು. ಮೇಲಿನಿಂದ ಏನೂ ತಿರುಗಿ ಬರಲಿಲ್ಲ. ಯಾರನ್ನೂ ಹಿಡಿಯುವ ಅಧಿಕಾರ ಈ ತುಕಡಿಗೆ ಇರಲಿಲ್ಲ, ನೋಡುವುದು, ಬರೆಯುವುದು ಅಷ್ಟೇ. ಆದರೆ ಆ ಊರಿನ ಸಿಪಾಯಿಗಳಿಗೆ ಇತ್ತು. ಅವರು ಕಾಕಾನ ರಟ್ಟೆ ಕಟ್ಟಿ ಕರೆದೊಯ್ದರು.

ದೋಣಿ ದಂಡೆಯಲ್ಲೇ ಉಳಿಯಿತು. ಕಾಕಿ ದಂಡೆಯ ಮೇಲೆ ಗರಿಯ ಮರೆ ಕಟ್ಟಿ ಒಲೆ ಹೂಡಿದಳು. ಅದು ಮಳೆಗಾಲ. ಆ ದೇಶದ ಮಳೆ ಹೊಯ್ದರೆ ಒಂದೇ ಇರುಳಿನಲ್ಲಿ ದೋಣಿ ಅರ್ಧ ತುಂಬುತ್ತಿತ್ತು. ನೀರು ಮೊಗೆಯುವ ಕೈ ಇಲ್ಲದ ದೋಣಿ ಎಷ್ಟು ದಿನ ತೇಲೀತು ಎಂಬುದು ಹಣಮಪ್ಪನಿಗೆ ಗೊತ್ತಿತ್ತು. ಮರುದಿನ ಮುಂಜಾನೆ ಅವನು ಒಂದು ಡಬ್ಬಿ ಹಿಡಿದು ಹೋಗಿ ದೋಣಿಗೆ ಇಳಿದ. ಕಾಕಿ ನೋಡಿದಳು, ಮುಖ ತಿರುಗಿಸಿ ಕೂತಳು. ನೀರು ಮೊಗೆದು, ಸಡಿಲಾದ ಹಗ್ಗ ಬಿಗಿದು ಬಂದ. ಮರುದಿನವೂ ಹೋದ. ಮಳೆ ಬಿದ್ದ ದಿನವೆಲ್ಲ ಹೋದ. ಜೊತೆಗಾರ ಸಿಪಾಯಿಗಳು ನಕ್ಕರು. ಮೇಜರ್ ಸಾಹೇಬರು ಒಂದು ದಿನ ದಂಡೆಗೆ ಬಂದು ಇದೇನು ಎಂದು ಕೇಳಿದರು.

“ಸಾಹೇಬ್ರ, ದೋಣಿ ತಪಾಸಣಿ ಮಾಡು ಅಂತ ಹುಕುಮಿತ್ತು. ಮುಳಗಸು ಅಂತ ಇರಲಿಲ್ಲ,” ಎಂದನಂತೆ ತನಗೆ ಬಂದ ಹಿಂದಿಯಲ್ಲಿ. ಸಾಹೇಬರು ದಂಡೆ ಏರಿ ಹೋದರು.

ಕಾಕಿ ಮುಖ ತಿರುಗಿಸಿಯೇ ಕೂರುತ್ತಿದ್ದಳು. ಆದರೆ ಒಂದು ಮುಂಜಾನೆ ಅವನು ಹೋಗಿ ನೋಡಿದರೆ ಅರ್ಧ ನೀರು ಆಗಲೇ ಖಾಲಿಯಾಗಿತ್ತು. ಅವಳ ಹೊಸ ಡಬ್ಬಿ ಅವನಿಗೆಂದು ಹಲಗೆಯ ಮೇಲೆ ಕಾದಿತ್ತು.

ಮಳೆಗಾಲದ ಕೊನೆಗೆ ಕಾಕಾ ಬಿಡುಗಡೆಯಾಗಿ ಬಂದ. ತಲೆ ಬೋಳಿಸಿದ್ದರು, ಮೈ ಇಳಿದಿತ್ತು. ಹಣಮಪ್ಪ ದೋಣಿಯಲ್ಲೇ ಇದ್ದ. ತಟಕ್ಕನೆ ಇಳಿದು ದಂಡೆಯ ಮೇಲೆ ನಿಂತ. ಮುದುಕ ಅವನನ್ನು ದಾಟಿ ಹೋಗಿ ದೋಣಿಯ ಹಲಗೆಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ ನೋಡಿದ. ಆಮೇಲೆ ಹಗ್ಗ ಬಿಚ್ಚಲು ಕೂತ. ಬಿಚ್ಚಲು ಬರಲಿಲ್ಲ.

“ನಮ್ಮ ಅನಗವಾಡಿ ಗಂಟ್ರಿ ಅದು,” ಎಂದ ಹಣಮಪ್ಪ. “ಎಳದಷ್ಟೂ ಬಿಗೀತದ. ಕಡೀಕ ನಾನs ಹೋಗಿ ಬಿಚ್ಚಿ ಕೊಟ್ಟೆ. ಆವಾಗ ಮುದುಕ ಒಮ್ಮೆ ನನ್ನ ಮಾರಿ ನೋಡಿದ. ನಕ್ಕನೋ, ಹಲ್ಲ ಕಚ್ಚಿದನೋ, ಖರೆ ಅಂದ್ರ ನನಗ ತಿಳೀಲಿಲ್ರಿ.”

ಹಿಂದಿನ ಸಲುಗೆ ಮತ್ತೆ ಬರಲಿಲ್ಲ. ಆದರೆ ಅಂದಿನಿಂದ ಕಾಕಾನ ದೋಣಿ ಬಂದಾಗ, ಹಣಮಪ್ಪ ಇಳಿಯುವ ಮೊದಲೇ ಕಾಕಿ ಎಲ್ಲ ಹರವಿಗಳ ಬಾಯಿ ಬಿಚ್ಚಿಟ್ಟಿರುತ್ತಿದ್ದಳು.

ಹಣಮಪ್ಪ ಊರಿಗೆ ಬಂದ ಹೊಸದರಲ್ಲೇ ಇನ್ನೊಂದು ಪ್ರಸಂಗ ನಡೆಯಿತು. ಬೊಂಬಾಯಿ ಸರಕಾರ ದಾರೂಬಂದಿ ಮಾಡಿದ ಮೇಲೆ ಕಳ್ಳಭಟ್ಟಿ ಕ್ಯಾನುಗಳು ಹೊಳೆಯ ಮೇಲೇ ಓಡಾಡುತ್ತಿದ್ದವು. ದಾರೂಬಂದಿಯ ಫೌಜದಾರರು ಜೀಪಿನಲ್ಲಿ ಬಂದು, ಪರದೇಶದಲ್ಲಿ ದೋಣಿ ತಪಾಸಣೆ ಮಾಡಿದ ಮನುಷ್ಯ ಇವನೇ ಎಂದು ಕೇಳಿ ತಿಳಿದು, ನಮ್ಮ ಕಟ್ಟೆಯ ಮೇಲೇ ಅವನಿಗೆ ನೌಕರಿ ಕೊಡಲು ಬಂದರು. ಪಗಾರ, ತೋಳಿಗೆ ಪಟ್ಟಿ, ಪೆನ್ಶನ್ನು. ಸಿದ್ದಕ್ಕನ ಮುಖ ಅರಳಿತು. ಸಾಬಣ್ಣ ಮಗನತ್ತ ನೋಡಿದ.

“ಬ್ಯಾಡ್ರಿ ಸಾಹೇಬ್ರ,” ಎಂದ ಹಣಮಪ್ಪ.

“ಯಾಕಪಾ? ಸರಕಾರಿ ನೌಕರಿ ಬ್ಯಾಡಂತೀ?”

“ಅಲ್ಲಿ ಕಾಯೂದು ಬೇಕಾಗಿತ್ತು, ಕಾಯ್ದೆ. ತಪ್ಪ ಮಾಡಿದ್ನಿ ಅಂತ ಅನ್ನೂದಿಲ್ಲ. ಆದ್ರ ಇನ್ನೊಬ್ಬರ ದೋಣ್ಯಾಗ ಕೈ ಹಾಕೂದು ನನಗ ಸಾಕಾತ್ರಿ.”

ಫೌಜದಾರರು ಚಹಾ ಅರ್ಧಕ್ಕೇ ಬಿಟ್ಟು ಹೋದರು. ಸಿದ್ದಕ್ಕ ಎರಡು ದಿನ ಮಗನೊಡನೆ ಮಾತು ಬಿಟ್ಟಳು. ಸಾಬಣ್ಣ ಮಾತ್ರ ಮರುದಿನದಿಂದ ದೋಣಿಗೆ ಬರಲಿಲ್ಲ. ಗಳವನ್ನು ಪೂರ್ತಿ ಮಗನ ಕೈಗೆ ಬಿಟ್ಟು, ಕಟ್ಟೆಗೆ ಕೂತು ತಂಬಾಕು ತಿಕ್ಕತೊಡಗಿದ. ಆ ವರ್ಷವೇ ಹಣಮಪ್ಪನಿಗೆ ಮರೆವ್ವ ಎಂಬ ಹುಡುಗಿಯ ಜೊತೆ ಮದುವೆಯಾಯಿತು. ಮದುವೆಯಲ್ಲಿ ನಾನೇ ಮರಾಠಿ ಸೋಬಾನ ಹಾಡಿದ್ದೆ. ಯಾರಿಗೂ ಅರ್ಥವಾಗದಿದ್ದರೂ ಎಲ್ಲರೂ ಛಲೋ ಐತಿ ಅಂದರು.

ಮುಂದೆ ನಮಗೆ ಮುಧೋಳಕ್ಕೆ ಬದಲಿಯಾಯಿತು. ಅಲ್ಲಿಗೂ ಅವನು ವರ್ಷಕ್ಕೊಮ್ಮೆ ಬರುತ್ತಿದ್ದ, ಹೊಳೆದಂಡೆಯ ಮರಳಿನಲ್ಲಿ ಬೆಳೆದ ಬದನೆಕಾಯಿ ಬುಟ್ಟಿ ಹೊತ್ತುಕೊಂಡು. ಹಾಗೆ ಬಂದ ಒಂದು ಸಲ ರೇಡಿಯೋದಲ್ಲಿ ಆ ದೇಶದ ಸುದ್ದಿ ಬರುತ್ತಿತ್ತು. ಯುದ್ಧ ಮತ್ತೆ ಹತ್ತಿಕೊಂಡು ವರ್ಷಗಳಾಗಿದ್ದವು. ಹಡಗುಗಟ್ಟಲೆ ಫಿರಂಗಿ, ವಿಮಾನ, ಬಾಂಬು. ಹಣಮಪ್ಪ ಬುಟ್ಟಿ ಇಳಿಸಿದವನು ಕೂರದೆ ನಿಂತೇ ಕೇಳಿದ.

“ಇಷ್ಟೆಲ್ಲಾ ಒಳಗ ಹೆಂಗ ಬಂತ್ರಿ ಮಾಸ್ತರ? ನಾವು ಹರವಿ ಹರವಿ ನೋಡಿದ್ವಲ್ಲ?”

ನಮ್ಮವರು ರೇಡಿಯೋ ಬಂದ್ ಮಾಡಿದರು. ನಾನು ಚಹಾ ತಂದುಕೊಟ್ಟೆ. ಅವನು ಕುಡಿದು, ಕಾಕಿ ಇನ್ನೂ ಇದ್ದರೆ ತನ್ನವ್ವನಷ್ಟೇ ವಯಸ್ಸಾಗಿರಬೇಕು ಎಂದು ಲೆಕ್ಕ ಹಾಕಿದ. ಮಧ್ಯಾಹ್ನದ ಬಸ್ಸಿಗೆ ಹೊರಟ.

ಅವನು ಬಹಳ ವರ್ಷ ಬದುಕಿದ. ಅನಗವಾಡಿಯ ಗಂಡುಮಕ್ಕಳಿಗಷ್ಟೇ ಅಲ್ಲ, ಯಾರ ಮಾತಿಗೂ ಜಗ್ಗದೆ ಹೆಣ್ಣುಮಕ್ಕಳಿಗೂ ಈಜು ಕಲಿಸಿದ. ನನ್ನ ಮಗಳು ಒಂದು ಬೇಸಿಗೆ ರಜೆಯಲ್ಲಿ ಹೋಗಿ ಅವನ ಕೈಯಲ್ಲೇ ಕಲಿತು ಬಂದಳು. ಹೊಳೆಯ ನಡುವಿನ ತನಕ ಈಜಿದೆ, ಅಂಜಿಕೆಯೇ ಆಗಲಿಲ್ಲ ಎಂದು ದಾರಿಯುದ್ದಕ್ಕೂ ಆರದ ಜಡೆ ಬಿಚ್ಚುತ್ತ ಹೇಳಿದಳು. ನನಗೆ ನಕಾಶೆಯ ನೀಲಿಯ ಮೇಲೆ ಬೆರಳಿಟ್ಟ ಸಿದ್ದಕ್ಕ ನೆನಪಾದಳು.